ಕ್ವುನ್ ಟೋಂಗಿನ ಗುರು

ಹಾಂಗ್‌ಕಾಂಗಿಗೆ ಬರುವ ಪ್ರವಾಸಿಗರು ಸಾಮಾನ್ಯವಾಗಿ ಕ್ವುನ್ ಟೋಂಗಿನತ್ತ ಸುಳಿಯುವುದಿಲ್ಲ. ಅವರು ಸ್ಟಾರ್ ಫೆರಿಯ ದೋಣಿಯಲ್ಲಿ ಬಂದರನ್ನು ದಾಟುತ್ತಾರೆ, ಟ್ರಾಮಿನಲ್ಲಿ ಗುಡ್ಡವೇರಿ ಕೆಳಗಿನ ದೀಪಗಳ ಸಾಲನ್ನು ನೋಡುತ್ತಾರೆ, ಪೇಟೆ ಸುತ್ತಿ ಹಿಂದಿರುಗುತ್ತಾರೆ. ಕೌಲೂನಿನಿಂದ ಪೂರ್ವಕ್ಕೆ ಹೊರಟ ರೈಲು ಸುರಂಗವನ್ನು ಬಿಟ್ಟು ಮೇಲೆದ್ದು, ಎತ್ತರದ ಕಂಬಗಳ ಮೇಲಿನ ಹಳಿಯಲ್ಲಿ ಸಾಗತೊಡಗಿದಾಗ ಬೇರೊಂದು ಊರು ತೆರೆದುಕೊಳ್ಳುತ್ತದೆ. ಎರಡೂ ಬದಿಗೆ ಒತ್ತೊತ್ತಾಗಿ ನಿಂತ ಕಾರ್ಖಾನೆಯ ಕಟ್ಟಡಗಳು. ಅವುಗಳ ಹಿಂದೆ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ವಸತಿಗಳು. ಕಿಟಕಿಗಳಲ್ಲಿ ಒಣಗಲು ಹಾಕಿದ ಬಟ್ಟೆಗಳು. ಇದು ಕ್ವುನ್ ಟೋಂಗ್.

ಈ ಹೆಸರನ್ನು ಹಿಂದೆ ಬರೆಯುತ್ತಿದ್ದ ಚೀನೀ ಅಕ್ಷರಗಳಿಗೆ ಸರ್ಕಾರದ ಕೊಳ ಎಂದು ಅರ್ಥ. ಬಹು ಹಿಂದೆ ಈ ಕರಾವಳಿಯಲ್ಲಿ ಅರಸರ ಅಧಿಕಾರಿಗಳ ಮೇಲ್ವಿಚಾರಣೆಯಲ್ಲಿ ಉಪ್ಪು ತೆಗೆಯುತ್ತಿದ್ದರು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ಕಂಡವರಿಗೆ ಆ ಹಳೆಯ ದೃಶ್ಯವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ: ಬದು ಕಟ್ಟಿದ ಗದ್ದೆಗಳಲ್ಲಿ ನಿಂತ ಸಮುದ್ರದ ನೀರು, ಬಿಸಿಲು, ಬಿಳಿಯ ರಾಶಿ. 1950ರ ದಶಕದಲ್ಲಿ ಇಲ್ಲಿನ ಸಮುದ್ರವನ್ನು ತುಂಬಿಸಿ ನೆಲ ಮಾಡಿದರು. ಆ ನೆಲದ ಮೇಲೆ ಕಾರ್ಖಾನೆಗಳನ್ನು ಎಬ್ಬಿಸಿದರು. ಎದುರಿಗೆ ನೀರಿನೊಳಕ್ಕೆ ಚಾಚಿದ ಕೈ ತಾಕ್ ವಿಮಾನ ನಿಲ್ದಾಣದ ಓಡುದಾರಿ 1958ರಲ್ಲಿ ಬಳಕೆಗೆ ಬಂದಿತು. ಅಂದಿನಿಂದ ನಿಲ್ದಾಣ ಮುಚ್ಚಿದ 1998ರ ತನಕ ಈ ಭಾಗದ ಮಕ್ಕಳು ವಿಮಾನಗಳ ಸದ್ದಿನ ನಡುವೆಯೇ ಪಾಠ ಕಲಿತರು.

ಇಲ್ಲಿಗೆ ಬಂದು ನೆಲೆಸಿದವರು ಯಾರು? 1949ರ ಕ್ರಾಂತಿಯ ಮುಂಚೆ ಮತ್ತು ಅನಂತರ ಚೀನಾದ ಒಳನಾಡಿನಿಂದ ಲಕ್ಷಾಂತರ ಜನ ಗಡಿ ದಾಟಿ ಹಾಂಗ್‌ಕಾಂಗಿಗೆ ಬಂದರು. ಗುಡ್ಡಗಳ ಇಳಿಜಾರಿನಲ್ಲಿ ಹಲಗೆ, ತಗಡುಗಳ ಗುಡಿಸಲು ಹಾಕಿಕೊಂಡರು. 1953ರ ಕ್ರಿಸ್ಮಸ್ ರಾತ್ರಿ ಶೆಕ್ ಕಿಪ್ ಮೇ ಎಂಬಲ್ಲಿ ಹೊತ್ತಿದ ಬೆಂಕಿ ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮನೆಯಿಲ್ಲದವರನ್ನಾಗಿ ಮಾಡಿತು. ಆ ಬಳಿಕ ಸರ್ಕಾರ ಏಳು ಅಂತಸ್ತಿನ ವಸತಿಗಳನ್ನು ಕಟ್ಟತೊಡಗಿತು. ಒಂದು ಕುಟುಂಬಕ್ಕೆ ಒಂದೇ ಕೋಣೆ. ನೀರಿಗೂ ಶೌಚಕ್ಕೂ ಅಂತಸ್ತಿಗೊಂದು ಸಾಮಾನ್ಯ ಜಾಗ. ಶಾಲೆಗೆ ನೆಲದ ಮೇಲೆ ಜಾಗವಿಲ್ಲದ್ದರಿಂದ ಕಟ್ಟಡಗಳ ತಾರಸಿಯ ಮೇಲೆ ಶಾಲೆ ನಡೆಸಿದರು. ಸುತ್ತ ತಂತಿಯ ಬೇಲಿ, ಮೇಲೆ ಆಕಾಶ, ಕೆಳಗೆ ಏಳು ಅಂತಸ್ತಿನ ಸಂಸಾರಗಳು. ಇಂಥ ಎಷ್ಟೋ ಶಾಲೆಗಳನ್ನು ಕ್ರೈಸ್ತ ಸಭೆಗಳೂ ಧರ್ಮಾರ್ಥ ಸಂಸ್ಥೆಗಳೂ ನಡೆಸುತ್ತಿದ್ದವು.

ತಾರಸಿಯ ಶಾಲೆಯಲ್ಲಿ ಪ್ರಾಥಮಿಕ ಪಾಠ ಮುಗಿದ ಮೇಲೆ ಏನು ಎಂಬುದು ಎಲ್ಲ ಮನೆಗಳ ಪ್ರಶ್ನೆ. ಹೆಣ್ಣುಮಕ್ಕಳಿಗೆ ಅದರ ಉತ್ತರ ಹೆಚ್ಚಾಗಿ ಮೊದಲೇ ಸಿದ್ಧವಾಗಿರುತ್ತಿತ್ತು. ಪ್ರೌಢಶಾಲೆಯ ಸ್ಥಾನಗಳು ಕಡಿಮೆ, ಪ್ರವೇಶ ಪರೀಕ್ಷೆ ಕಠಿಣ, ಶುಲ್ಕ ಹೊರೆ. ಕೆಳಗಿಳಿದರೆ ಬೀದಿಯಾಚೆ ಬಟ್ಟೆಯ ಕಾರ್ಖಾನೆ, ಆಟಿಕೆಯ ಕಾರ್ಖಾನೆ, ಪ್ಲಾಸ್ಟಿಕ್ ಹೂಗಳ ಕಾರ್ಖಾನೆ. ಹಿರಿಯ ಮಗಳು ದುಡಿಮೆಗೆ ಹೋದರೆ ತಮ್ಮ ಓದಿಯಾನು ಎಂಬ ಲೆಕ್ಕ. ಹನ್ನೆರಡು ಹದಿಮೂರರ ಹುಡುಗಿಯ ಪುಸ್ತಕದ ಚೀಲ ಗೂಟಕ್ಕೇರಿದರೆ ಮತ್ತೆ ಇಳಿಯುತ್ತಿರಲಿಲ್ಲ. 1968ರಲ್ಲಿ ಇಂಥ ಕ್ವುನ್ ಟೋಂಗಿನಲ್ಲಿ ಹೆಣ್ಣುಮಕ್ಕಳಿಗಾಗಿ ಸೇಂಟ್ ಕ್ಯಾಥರಿನ್ ಪ್ರೌಢಶಾಲೆ ಆರಂಭವಾಯಿತು. ಅದನ್ನು ಕಟ್ಟಿ ಮುಖ್ಯೋಪಾಧ್ಯಾಯಿನಿಯಾಗಿ ನಡೆಸಿದವರು ಜಾಯ್ಸ್ ಬೆನೆಟ್.

ಬೆನೆಟ್ ಅವರು 1923ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ವೆಸ್ಟ್‌ಫೀಲ್ಡ್ ಕಾಲೇಜಿನಲ್ಲಿ ಇತಿಹಾಸ ಓದಿದವರು. 1949ರಲ್ಲಿ, ಚೀನಾದ ಚರಿತ್ರೆಯೇ ಮಗ್ಗುಲು ಬದಲಿಸಿದ ವರ್ಷದಲ್ಲಿ, ಆಂಗ್ಲಿಕನ್ ಮಿಷನ್ನಿನ ಮೂಲಕ ಹಾಂಗ್‌ಕಾಂಗಿಗೆ ಬಂದರು. ಮೊದಲು ಕಲಿಸಿದ್ದು ಗುಡ್ಡದ ಮೇಲಿನ ಸೇಂಟ್ ಸ್ಟೀಫನ್ ಬಾಲಕಿಯರ ಕಾಲೇಜಿನಲ್ಲಿ. ಅದು ಪ್ರತಿಷ್ಠಿತ ಸಂಸ್ಥೆ. ಅನುಕೂಲವಂತರ ಮಕ್ಕಳು ಬರುವ ಜಾಗ. ಅಲ್ಲಿಯೇ ಇದ್ದು ನಿವೃತ್ತರಾಗಿದ್ದರೂ ಯಾರೂ ತಪ್ಪೆಣಿಸುತ್ತಿರಲಿಲ್ಲ. ಅವರು ಗುಡ್ಡವಿಳಿದು, ಬಂದರನ್ನು ದಾಟಿ, ಕಾರ್ಖಾನೆಗಳ ಊರಿಗೆ ಬಂದರು.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಬೇಕಿತ್ತು. ಅದೆಂದರೆ ಕ್ಯಾಂಟನೀಸ್ ಭಾಷೆಯನ್ನು ಕಲಿಯುವುದು. ಒಂದೇ ಉಚ್ಚಾರ ಸ್ವರದ ಏರಿಳಿತಕ್ಕೆ ತಕ್ಕಂತೆ ಬೇರೆ ಬೇರೆ ಅರ್ಥ ಕೊಡುವ ಆ ಭಾಷೆ ಹೊರಗಿನವರಿಗೆ ಸುಲಭವಾಗಿ ಒಲಿಯುವುದಲ್ಲ. ಬೋಧಿಸಲು ಬಂದವರು ಮೊದಲು ವಿದ್ಯಾರ್ಥಿಗಳಾಗಬೇಕೆಂಬ ಮಾತು ಕನ್ನಡಿಗರಿಗೆ ಹೊಸದೇನಲ್ಲ. 1843ರಲ್ಲಿ ಮಂಗಳೂರಿನಿಂದ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಅಚ್ಚಾದ ಮಹಾ ನಿಘಂಟಿಗಾಗಿ ಆಯುಷ್ಯ ಸವೆಸಿದ ಕಿಟ್ಟೆಲ್, ಇಬ್ಬರೂ ಪಾದ್ರಿಗಳಾಗಿ ಬಂದು ಭಾಷೆಯ ಮುಂದೆ ಶಿಷ್ಯರಾಗಿ ಕುಳಿತವರು. ಬೆನೆಟ್ ಅವರದೂ ಅದೇ ದಾರಿ. ಹಾಂಗ್‌ಕಾಂಗಿನಲ್ಲಿ ಚೀನೀ ಭಾಷೆಗೆ ಅಧಿಕೃತ ಮನ್ನಣೆ ದೊರೆತದ್ದು 1974ರಲ್ಲಿ. ಅಲ್ಲಿಯವರೆಗೆ ಬಹುಸಂಖ್ಯಾತರ ಮಾತಿಗೆ ಸರ್ಕಾರದ ಕಾಗದದಲ್ಲಿ ಸಮಾನ ಸ್ಥಾನವಿರಲಿಲ್ಲ. ಕಚೇರಿಯಿಂದ ಬಂದ ಕಾಗದವನ್ನು ಓದಿಸಿಕೊಳ್ಳಲು ಬೇರೊಬ್ಬರ ಬಾಗಿಲಿಗೆ ಹೋಗುವ ಸಂಕಟ ಏನೆಂಬುದನ್ನು ಗಡಿಯಾಚೆಯ ಕನ್ನಡ ಮನೆಗಳಿಗೆ ಯಾರೂ ವಿವರಿಸಬೇಕಾಗಿಲ್ಲ. ಅಂಥ ಊರಿನಲ್ಲಿ ತಾಯಿಯೊಬ್ಬಳು ತನ್ನ ಮಗಳ ಓದಿನ ವಿಷಯವನ್ನು ತನ್ನದೇ ಮಾತಿನಲ್ಲಿ ಕೇಳಬಹುದಾದ ಮುಖ್ಯೋಪಾಧ್ಯಾಯಿನಿ ಇದ್ದರೆಂಬುದು ಸಣ್ಣ ಸಂಗತಿಯಲ್ಲ.

ಶಾಲೆಯ ಜೊತೆಜೊತೆಗೇ ಇನ್ನೊಂದು ಕರೆಯೂ ಅವರ ಬದುಕಿನಲ್ಲಿತ್ತು. 1962ರಲ್ಲಿ ಅವರಿಗೆ ಡೀಕನ್ ದೀಕ್ಷೆಯಾಗಿತ್ತು. ಡೀಕನ್ ಆದವರು ಪ್ರಾರ್ಥನೆ ನಡೆಸಬಹುದು, ಬೋಧಿಸಬಹುದು. ಪೀಠದ ಮುಂದೆ ನಿಂತು ರೊಟ್ಟಿ ದ್ರಾಕ್ಷಾರಸಗಳನ್ನು ಆಶೀರ್ವದಿಸಿ ಪ್ರಭುಭೋಜನವನ್ನು ನಡೆಸುವಂತಿಲ್ಲ. ಅದಕ್ಕೆ ಗುರುದೀಕ್ಷೆ ಬೇಕು. ಆ ದೀಕ್ಷೆ ಅಂದಿನ ಆಂಗ್ಲಿಕನ್ ಸಭೆಯಲ್ಲಿ ಗಂಡಸರಿಗೆ ಮಾತ್ರ ಮೀಸಲು.

ಆದರೂ ಹಾಂಗ್‌ಕಾಂಗಿನ ನೆನಪಿನಲ್ಲಿ ಒಂದು ಅಪವಾದ ಉಳಿದಿತ್ತು. ಎರಡನೆಯ ಮಹಾಯುದ್ಧದಲ್ಲಿ ಹಾಂಗ್‌ಕಾಂಗ್ ಜಪಾನಿನ ವಶವಾದಾಗ, ಸಮೀಪದ ಮಕಾವ್ ತಟಸ್ಥ ಪೋರ್ಚುಗಲ್ಲಿನ ಅಧೀನದಲ್ಲಿದ್ದು, ನಿರಾಶ್ರಿತರಿಂದ ತುಂಬಿಹೋಯಿತು. ಅಲ್ಲಿನ ಸಭೆಯನ್ನು ನೋಡಿಕೊಳ್ಳುತ್ತಿದ್ದವರು ಫ್ಲಾರೆನ್ಸ್ ಲಿ ಟಿಮ್ ಓಯ್ ಎಂಬ ಚೀನೀ ಮಹಿಳೆ. ಪ್ರಭುಭೋಜನ ನಡೆಸಲು ಗುರುಗಳು ಬರುವ ದಾರಿಗಳೆಲ್ಲ ಮುಚ್ಚಿದ್ದವು. ಬಿಷಪ್ ರೊನಾಲ್ಡ್ ಹಾಲ್ ಅವರು ಆಕೆಯನ್ನು ಗುವಾಂಗ್‌ಡಾಂಗ್ ಪ್ರಾಂತ್ಯದ ಝಾವೊಚಿಂಗ್ ಎಂಬಲ್ಲಿ ಭೇಟಿಯಾಗಿ, 1944ರ ಜನವರಿ 25ರಂದು ಗುರುದೀಕ್ಷೆ ಕೊಟ್ಟರು. ಆಂಗ್ಲಿಕನ್ ಸಭೆಗಳ ಇತಿಹಾಸದಲ್ಲಿ ಆಕೆಯೇ ಮೊದಲ ಮಹಿಳಾ ಗುರು. ಯುದ್ಧ ಮುಗಿದ ಮೇಲೆ ವಿವಾದವೆದ್ದಿತು. ಬಿಷಪ್ಪರಿಗೆ ತನ್ನಿಂದ ತೊಂದರೆಯಾಗಬಾರದೆಂದು ಆಕೆ 1946ರಲ್ಲಿ ಸೇವೆಯ ಅನುಮತಿಯನ್ನು ಹಿಂದಿರುಗಿಸಿದರು. ದೀಕ್ಷೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಇಪ್ಪತ್ತೈದು ವರ್ಷಗಳ ನಂತರ ಆ ಪ್ರಶ್ನೆ ಮತ್ತೆ ಎದ್ದಿತು. 1971ರಲ್ಲಿ ಕೀನ್ಯಾದ ಲಿಮುರುವಿನಲ್ಲಿ ಸೇರಿದ ಆಂಗ್ಲಿಕನ್ ಸಲಹಾ ಮಂಡಳಿಯ ಮುಂದೆ ಹಾಂಗ್‌ಕಾಂಗಿನ ಬಿಷಪ್ ಗಿಲ್ಬರ್ಟ್ ಬೇಕರ್ ಅವರ ಬಿನ್ನಹವಿತ್ತು. ಮಂಡಳಿ 24 ಮತಗಳಿಗೆ 22ರ ಅಂತರದಲ್ಲಿ ದಾರಿ ಬಿಟ್ಟಿತು. ಎರಡೇ ಮತಗಳ ಅಂತರ. ತೆರೆದ ಬಾಗಿಲು ಎಷ್ಟು ಇಕ್ಕಟ್ಟಿನದೆಂಬುದು ಆ ಲೆಕ್ಕದಿಂದಲೇ ತಿಳಿಯುತ್ತದೆ.

ಇಲ್ಲಿ ಪ್ರವಾಸಿಯು ಕ್ವುನ್ ಟೋಂಗಿನಿಂದ ಬಂದರನ್ನು ದಾಟಿ ಮತ್ತೆ ದ್ವೀಪದ ಕಡೆಗೆ ಬರಬೇಕು. ಗಾರ್ಡನ್ ರಸ್ತೆಯಲ್ಲಿ, ಬ್ಯಾಂಕುಗಳ ಗಾಜಿನ ಗೋಪುರಗಳ ನಡುವೆ, ಮರಗಳ ನೆರಳಿನಲ್ಲಿ ಸೇಂಟ್ ಜಾನ್ ಮಹಾದೇವಾಲಯ ಕುಳಿತಿದೆ. 1849ರಲ್ಲಿ ಆರಾಧನೆ ಆರಂಭವಾದ ಗೋಥಿಕ್ ಶೈಲಿಯ ಕಟ್ಟಡ. ಸುತ್ತಲ ಎತ್ತರದ ಮುಂದೆ ಅದರ ಗೋಪುರ ಇಂದು ಗಿಡ್ಡವಾಗಿ ಕಾಣುತ್ತದೆ. ಜಪಾನೀಯರ ಆಳ್ವಿಕೆಯಲ್ಲಿ ಅದನ್ನು ಕ್ಲಬ್ಬಾಗಿ ಬಳಸಿದ್ದರು. ಇದೇ ದೇವಾಲಯದಲ್ಲಿ 1971ರ ನವೆಂಬರ್ 28ರ ಭಾನುವಾರ ಜಾಯ್ಸ್ ಬೆನೆಟ್ ಮತ್ತು ಜೇನ್ ಹ್ವಾಂಗ್ ಇಬ್ಬರ ತಲೆಯ ಮೇಲೆ ಬಿಷಪ್ ಬೇಕರ್ ಕೈಯಿಟ್ಟು ಗುರುದೀಕ್ಷೆ ಕೊಟ್ಟರು. ಲಿ ಟಿಮ್ ಓಯ್ ಅವರ ಹಳೆಯ ದೀಕ್ಷೆಗೂ ಹಾಂಗ್‌ಕಾಂಗ್ ಸಭೆಯ ಮನ್ನಣೆ ದೊರೆಯಿತು. ಆಕೆ ಆಗ ಚೀನಾದೊಳಗಿದ್ದರು; ಅಲ್ಲಿನ ದೇವಾಲಯಗಳ ಬಾಗಿಲುಗಳು ಮುಚ್ಚಿದ್ದವು.

ಭಾನುವಾರದ ಮರುದಿನ ಸೋಮವಾರ. ದೀಕ್ಷೆ ಪಡೆದ ಬೆನೆಟ್ ಅವರು ಶಾಲೆಯನ್ನು ಬಿಡಲಿಲ್ಲ. ಮುಂದಿನ ಹನ್ನೆರಡು ವರ್ಷ ಅವರು ಮುಖ್ಯೋಪಾಧ್ಯಾಯಿನಿಯೂ ಹೌದು, ಊರಿನ ಸಭೆಯ ಗುರುವೂ ಹೌದು. ಕನ್ನಡದಲ್ಲಿ ಈ ಎರಡಕ್ಕೂ ಒಂದೇ ಪದ ಸಾಕಾಗುತ್ತದೆ. ಅಕ್ಷರ ತಿದ್ದಿಸುವವರನ್ನೂ ಗುರು ಎನ್ನುತ್ತಾರೆ, ಪೀಠದ ಮುಂದೆ ನಿಂತು ಹರಸುವವರನ್ನೂ ಗುರು ಎನ್ನುತ್ತಾರೆ. ಒಂದೇ ಊರಿನ ಜನರನ್ನು ಸೋಮವಾರವೂ ಭಾನುವಾರವೂ ಕಾಣುವ ಕೆಲಸ ಅವರದಾಯಿತು. ಓದು ಕಷ್ಟವಾದ ಹುಡುಗಿ, ಅವಳನ್ನು ಬಿಡಿಸಿ ಕೆಲಸಕ್ಕೆ ಕಳಿಸಬೇಕೆಂದಿರುವ ಮನೆ, ಆ ಮನೆಯ ಕಾಯಿಲೆ ಸಾವುಗಳು, ಎಲ್ಲವೂ ಒಬ್ಬರ ಕಣ್ಣಳತೆಯಲ್ಲೇ.

ಇಷ್ಟಕ್ಕೂ ಒಂದು ಶಾಲೆ ಎಷ್ಟು ಹುಡುಗಿಯರಿಗೆ ಸ್ಥಾನ ಕೊಡಬಲ್ಲದು? ಅದಕ್ಕೆ ಕಾನೂನಿನ ಬಲವೂ ಬೇಕು. 1976ರಿಂದ 1983ರವರೆಗೆ ಬೆನೆಟ್ ಅವರು ಹಾಂಗ್‌ಕಾಂಗಿನ ಶಾಸನ ಮಂಡಳಿಯ ನಾಮನಿರ್ದೇಶಿತ ಸದಸ್ಯರಾಗಿದ್ದರು. 1971ರಲ್ಲಿ ಉಚಿತವಾಗಿದ್ದ ಪ್ರಾಥಮಿಕ ಶಿಕ್ಷಣ, 1978ರಲ್ಲಿ ಒಂಬತ್ತು ವರ್ಷಗಳ ಉಚಿತ ಶಿಕ್ಷಣವಾಗಿ ವಿಸ್ತರಿಸಿತು. ಪ್ರಾಥಮಿಕ ಶಾಲೆಯ ಕೊನೆಯಲ್ಲಿ ಮಕ್ಕಳನ್ನು ಜರಡಿ ಹಿಡಿಯುತ್ತಿದ್ದ ಪ್ರವೇಶ ಪರೀಕ್ಷೆಯೂ ಆಗಲೇ ನಿಂತಿತು. ಅದು ಅನೇಕರ ಶ್ರಮದ ಫಲ. ಆದರೆ ಮಂಡಳಿಯ ಸಭಾಂಗಣದಲ್ಲಿ ಕುಳಿತವರಲ್ಲಿ ಕಾರ್ಖಾನೆಯ ಬೀದಿಯ ಹುಡುಗಿಯರನ್ನು ಪ್ರತಿದಿನ ಬೆಳಿಗ್ಗೆ ಕಾಣುತ್ತಿದ್ದವರೊಬ್ಬರು ಇದ್ದರೆಂಬುದಕ್ಕೆ ಅದರದೇ ಬೆಲೆಯಿದೆ. 1979ರ ಅಕ್ಟೋಬರ್ 1ರಂದು ನಗರದ ಮೊದಲ ಮೆಟ್ರೊ ರೈಲು ಶೆಕ್ ಕಿಪ್ ಮೇಯಿಂದ ಕ್ವುನ್ ಟೋಂಗಿಗೆ ಓಡಿತು. ಬೆಂಕಿಯಲ್ಲಿ ಮನೆ ಕಳೆದುಕೊಂಡವರ ಊರಿನಿಂದ ಕಾರ್ಖಾನೆಗಳ ಊರಿಗೆ ಹೊರಟ ಹಳಿ ಅದು.

1983ರಲ್ಲಿ ಅವರು ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ತಾಯ್ನಾಡು ಅವರನ್ನು ಬರಮಾಡಿಕೊಂಡ ಬಗೆ ವಿಚಿತ್ರವಾದುದು. ಆಂಗ್ಲಿಕನ್ ಸಭೆಗಳಲ್ಲೆಲ್ಲ ಗುರುದೀಕ್ಷೆ ಪಡೆದ ಮೊದಲ ಇಂಗ್ಲಿಷ್ ಮಹಿಳೆ ಅವರು. ಆದರೆ ಇಂಗ್ಲೆಂಡಿನ ಸಭೆಯ ಕಾನೂನಿಗೆ ಆ ದೀಕ್ಷೆ ಲೆಕ್ಕಕ್ಕಿಲ್ಲ. ಕ್ವುನ್ ಟೋಂಗಿನಲ್ಲಿ ಪೀಠದ ಮುಂದೆ ನಿಂತವರು ಲಂಡನ್ನಿನಲ್ಲಿ ಜನರ ನಡುವೆ ಬೆಂಚಿನಲ್ಲಿ ಕುಳಿತುಕೊಳ್ಳಬೇಕಾಯಿತು. ಪರಭಾಷೆಯ ನಾಡು ಕೊಟ್ಟ ಸ್ಥಾನವನ್ನು ತನ್ನ ಭಾಷೆಯ ನಾಡು ಕೊಡಲಿಲ್ಲ.

ಅವರು ಸುಮ್ಮನೆ ಕೂರಲಿಲ್ಲ. ಟ್ರಫಾಲ್ಗರ್ ಚೌಕದ ಅಂಚಿನಲ್ಲಿ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಎಂಬ ದೇವಾಲಯವಿದೆ. ಎತ್ತರದ ಕಂಬಗಳ ಮುಖಮಂಟಪ, ಅದರ ಮೇಲೆ ಚೂಪಾದ ಗೋಪುರ. ಮುಂದಿನ ಮೆಟ್ಟಿಲುಗಳ ಮೇಲೆ ಊರೆಲ್ಲ ದಣಿದು ಬಂದವರು ಕುಳಿತಿರುತ್ತಾರೆ. ಅಲ್ಲಿ ಚೀನೀ ಭಾಷಿಕರ ಸಭೆಯೊಂದು ಕೂಡುತ್ತದೆ. ಬೆನೆಟ್ ಅವರು 1980ರ ದಶಕದಲ್ಲಿ ಆ ಜನರ ಸೇವೆಗೆ ನಿಂತರು. ಹಾಂಗ್‌ಕಾಂಗ್ ಬಿಟ್ಟು ಬಂದು, ಇಂಗ್ಲಿಷಿನ ನಡುವೆ ಒಂಟಿಯಾದವರಿಗೆ ಅವರ ಮಾತಿನಲ್ಲೇ ಯೋಗಕ್ಷೇಮ ವಿಚಾರಿಸುವವರು ಸಿಕ್ಕಿದರು. ಪದವಿ ಇಲ್ಲದ ಕಡೆಯಲ್ಲೂ ಕೆಲಸ ಇದ್ದೇ ಇತ್ತು.

ಇಂಗ್ಲೆಂಡಿನ ಸಭೆ ಮಹಿಳೆಯರಿಗೆ ಮೊದಲ ಬಾರಿ ಗುರುದೀಕ್ಷೆ ಕೊಟ್ಟದ್ದು 1994ರ ಮಾರ್ಚ್ 12ರಂದು, ಬ್ರಿಸ್ಟಲ್ ಮಹಾದೇವಾಲಯದಲ್ಲಿ. ಆ ಹೊತ್ತಿಗೆ ಬೆನೆಟ್ ಅವರಿಗೆ ಎಪ್ಪತ್ತು ತುಂಬಿತ್ತು. ಹಾಂಗ್‌ಕಾಂಗ್ ಅವರನ್ನು ಗುರುವೆಂದು ಕರೆದು ಇಪ್ಪತ್ತೆರಡು ವರ್ಷಗಳು ಕಳೆದಿದ್ದವು. 2015ರಲ್ಲಿ, ತಮ್ಮ 92ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಇಂದಿನ ಕ್ವುನ್ ಟೋಂಗಿನಲ್ಲಿ ಉಪ್ಪಿನ ಕೊಳದ ಗುರುತಿಲ್ಲ. ಕಾರ್ಖಾನೆಗಳೂ ಬಹುಮಟ್ಟಿಗೆ ಗಡಿಯಾಚೆಗೆ ಸರಿದುಹೋಗಿವೆ. ಅವುಗಳ ಕಟ್ಟಡಗಳಲ್ಲಿ ಕಚೇರಿಗಳೂ ಅಂಗಡಿಗಳೂ ಬಂದಿವೆ. ತಾರಸಿಯ ಶಾಲೆಗಳು ಹಳೆಯ ಚಿತ್ರಗಳಲ್ಲಿ ಮಾತ್ರ ಉಳಿದಿವೆ. ಒಂದು ಪೀಳಿಗೆಯ ಹೆಂಗಸರ ಬದುಕಿನಲ್ಲಿ ಮಾತ್ರ ಒಂದು ವ್ಯತ್ಯಾಸ ಉಳಿದುಕೊಂಡಿದೆ: ಹದಿಮೂರನೆಯ ವಯಸ್ಸಿಗೆ ಗೂಟಕ್ಕೇರಬೇಕಿದ್ದ ಪುಸ್ತಕದ ಚೀಲ ಇನ್ನೂ ಕೆಲವು ವರ್ಷ ಹೆಗಲ ಮೇಲಿತ್ತು.

ಕಾಸರಗೋಡಿನಲ್ಲಾಗಲಿ, ತಾಳವಾಡಿಯಲ್ಲಾಗಲಿ, ಜತ್ತಿನಲ್ಲಾಗಲಿ ಕನ್ನಡ ಶಾಲೆಯ ಗೇಟಿನ ಬಳಿ ಮಗುವನ್ನು ಬಿಟ್ಟು ನಿಲ್ಲುವ ತಾಯಿ ಒಂದು ಕ್ಷಣ ಒಳಗೆ ನೋಡುತ್ತಾಳೆ. ಮಗುವಿನ ಮಾತು ತಿಳಿಯುವವರು ಇಂದು ಬಂದಿದ್ದಾರೆಯೇ ಎಂದು ಅವಳ ಕಣ್ಣು ಹುಡುಕುತ್ತದೆ. ಕ್ವುನ್ ಟೋಂಗಿನ ತಾಯಂದಿರೂ ಹುಡುಕುತ್ತಿದ್ದುದು ಅದನ್ನೇ. ಹದಿನೈದು ವರ್ಷ ಅಲ್ಲಿ ಒಬ್ಬರು ಇದ್ದರು.