ಖಾಲಿ ಡಬ್ಬಿ ಸೊನ್ನೆಯಲ್ಲ

ರಸ್ಟ್ ಭಾಷೆಯಲ್ಲಿ ಕೋಡ್ ಬರೆಯುವುದು ಪುಣೆಯಲ್ಲಿ ನನ್ನ ಹೊಟ್ಟೆಪಾಡು. ಎಂಎಲ್, ಹ್ಯಾಸ್ಕೆಲ್‌ನಂಥ ಫಂಕ್ಷನಲ್ ಭಾಷೆಗಳಿಂದ ಅದಕ್ಕೆ ಬಂದ ಒಂದು ಒಳ್ಳೆಯ ಪದ್ಧತಿಯಿದೆ: ಇರಬಹುದಾದ, ಇಲ್ಲದಿರಬಹುದಾದ ಮೌಲ್ಯವನ್ನು ಅದು ಡಬ್ಬಿಯಲ್ಲಿಟ್ಟೇ ಕೊಡುತ್ತದೆ. ಹ್ಯಾಸ್ಕೆಲ್‌ನಲ್ಲಿ ಆ ಡಬ್ಬಿಯ ಹೆಸರು ಮೇಬಿ, ರಸ್ಟ್‌ನಲ್ಲಿ ಆಪ್ಷನ್. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗಾಗಿ ‘ನಲ್’ ಕಲ್ಪಿಸಿದ ಟೋನಿ ಹೋರ್, 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು. ಆ ತಪ್ಪಿಗೆ ಈ ಡಬ್ಬಿ ಒಂದು ಮದ್ದು.

ಮುಚ್ಚಳ ತೆಗೆಯುವ ಸೋಮಾರಿ ದಾರಿಗೆ ಅನ್‌ರ್ಯಾಪ್ ಎನ್ನುತ್ತಾರೆ. ಒಳಗಿದ್ದರೆ ಕೈಗೆ ಬರುತ್ತದೆ, ಖಾಲಿಯಿದ್ದರೆ ಪ್ರೋಗ್ರಾಮ್ ಅಲ್ಲೇ ಕುಸಿಯುತ್ತದೆ. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಕೈಕೊಟ್ಟು ಎಷ್ಟೋ ಜಾಲತಾಣಗಳು ತೆರೆಯದಾದದ್ದು ನೆನಪಿರಬಹುದು. ಅಲ್ಲಿ 200ರ ಮಿತಿ ಮೀರಿದ ಫೈಲೊಂದು ಬಂದಾಗ, ದೋಷ ಹೊತ್ತ ಡಬ್ಬಿಯನ್ನು (ಇದು ಆಪ್ಷನ್ನಿನ ಸೋದರ, ರಿಸಲ್ಟ್) ಹೀಗೇ ಬಿಚ್ಚಲಾಗಿತ್ತು.

ನಮ್ಮ ತಂಡದಲ್ಲೂ ಗಾಬರಿ ಹುಟ್ಟಿತು. ಅನ್‌ರ್ಯಾಪ್ ನಿಷೇಧ! ಸರಿ, ಅದಿದ್ದಲ್ಲೆಲ್ಲ ಸಹೋದ್ಯೋಗಿಯೊಬ್ಬರು ‘ಅನ್‌ರ್ಯಾಪ್ ಆರ್ ಡಿಫಾಲ್ಟ್’ ಹಾಕಿದರು. ಖಾಲಿಯಿದ್ದರೆ ಸೊನ್ನೆ ಎಂದು ಇದರ ಅರ್ಥ. ಪ್ರೋಗ್ರಾಮ್ ಕುಸಿಯುವುದು ನಿಂತಿತು, ಎಲ್ಲರಿಗೂ ನೆಮ್ಮದಿ.

ನಮ್ಮ ಸಾಫ್ಟ್‌ವೇರ್ ಬಳಸುವುದು ರಕ್ತಪರೀಕ್ಷೆಯ ಲ್ಯಾಬ್. ರೋಗಿಯೊಬ್ಬರ ಖಾಲಿ ಹೊಟ್ಟೆಯ ಶುಗರ್ ಒಂದು ಸಲ 174, ಇನ್ನೊಂದು ಸಲ 186. ಮೂರನೆಯ ಸಲ ಮಾದರಿ ಕೆಟ್ಟು ಫಲಿತಾಂಶವೇ ಇಲ್ಲ. ನಿಜವಾದ ಸರಾಸರಿ 180. ನಮ್ಮ ಸೊನ್ನೆ ಸೇರಿ ಅದು 120 ಆಯಿತು. ಶುಗರ್ ಸೊನ್ನೆ ಎಂದು ಬರೆದಿದ್ದರೆ ಯಾರಾದರೂ ನಗುತ್ತಿದ್ದರು, 120 ನೋಡಿದರೆ ಯಾರು ಅನುಮಾನಿಸುತ್ತಾರೆ? ಡಾಕ್ಟರ್ ಮಾತ್ರೆ ಬದಲಿಸದೆ ಕಳಿಸಿಯಾರು. ಪುಣ್ಯಕ್ಕೆ ವರದಿ ಹೊರಗೆ ಹೋಗುವ ಮೊದಲೇ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಫೋನ್ ಮಾಡಿ, ಇವರ ಶುಗರ್ ಇದ್ದಕ್ಕಿದ್ದಂತೆ ಹೇಗೆ ಇಳಿಯಿತು ಎಂದು ಮರಾಠಿಯಲ್ಲಿ ವಿಚಾರಿಸಿದರು.

ನನ್ನ ಮಟ್ಟಿಗೆ, ಕಿರುಚಿ ಬೀಳುವ ಅನ್‌ರ್ಯಾಪ್ ಇದಕ್ಕಿಂತ ಎಷ್ಟೋ ಮೇಲು. ಖಾಲಿಯಿರಲು ಸಾಧ್ಯವೇ ಇಲ್ಲ ಎಂಬಲ್ಲಿ ನಾನು ‘ಎಕ್ಸ್‌ಪೆಕ್ಟ್’ ಬಳಸಿ ಕಾರಣವನ್ನೂ ಬರೆದಿಡುತ್ತೇನೆ. ಉಳಿದೆಡೆ ಡಬ್ಬಿ ಮುಚ್ಚಿಯೇ ಸಾಗಲಿ. ‘ಮ್ಯಾಪ್’ ಬಳಸಿದರೆ ಒಳಗಿದ್ದದ್ದಕ್ಕೆ ಮಾತ್ರ ಲೆಕ್ಕ ನಡೆಯುತ್ತದೆ, ಖಾಲಿ ಖಾಲಿಯಾಗಿಯೇ ಉಳಿಯುತ್ತದೆ. ಬಿಚ್ಚಬೇಕಾದದ್ದು ಕೊನೆಯಲ್ಲಿ, ವರದಿ ಅಚ್ಚಾಗುವಲ್ಲಿ. ಇಲ್ಲದಿದ್ದರೆ ಏನು ಹೇಳಬೇಕೆಂಬುದು ಗೊತ್ತಿರುವುದು ಅಲ್ಲಿಗೇ.

ಆ ಕೋಡನ್ನು ಹಾಗೆ ತಿದ್ದಲು ಎರಡು ದಿನ ಹಿಡಿಯಿತು. ಈಗ ವರದಿಯಲ್ಲಿ ‘2 ಪರೀಕ್ಷೆಗಳ ಸರಾಸರಿ 180’ ಎಂದಿದೆ. ಮೂರನೆಯದರ ಮುಂದೆ ಅಂಕಿಯಿಲ್ಲ. ‘ಮಾದರಿ ಕೆಟ್ಟಿದೆ, ಮತ್ತೆ ರಕ್ತ ಕೊಡಿ’ ಎಂದಷ್ಟೇ ಇದೆ.