ಕಹಳೆ ಬಂಡೆಯಿಂದ ಜಲ್ಲಿಯ ಗುಣಿಗೆ

ನರಸಿಂಹರಾಜ ಕಾಲೋನಿಯ ನಿವಾಸಿಗಳಿಗೆ ಬಂಡೆ ಹೊಸತಲ್ಲ. ಬೆಳಗಾಗುತ್ತಲೇ ಕಹಳೆ ಬಂಡೆಯ ಉದ್ಯಾನದಲ್ಲಿ ನಾಲ್ಕು ಸುತ್ತು ತಿರುಗಿ, ಅದರ ಬೆನ್ನಿನ ಮೇಲೆ ಅರೆಗಳಿಗೆ ಕುಳಿತು, ಪಕ್ಕದ ಗುಡಿಯ ದೊಡ್ಡ ಬಸವನಿಗೆ ಕೈಮುಗಿದು ಮನೆಗೆ ಮರಳುವುದು ನಮ್ಮಲ್ಲಿ ಅನೇಕರ ನಿತ್ಯವಿಧಿ. ಬೆಂಗಳೂರನ್ನು ಹೊತ್ತಿರುವ ಈ ಶಿಲಾಕುಲಕ್ಕೆ ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಎಂಬವರು 1916ರಲ್ಲಿ ‘ಪೆನಿನ್ಸುಲರ್ ನೈಸ್’ ಎಂದು ನಾಮಕರಣ ಮಾಡಿದರು. ವಯಸ್ಸು ಸುಮಾರು 300 ಕೋಟಿ ವರ್ಷ. ಇದೇ ಕುಲದ ಲಾಲ್‌ಬಾಗಿನ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆಗೆ ಪಾತ್ರವಾಗಿದೆ. ಸ್ಮಾರಕವಾಗುವ ಭಾಗ್ಯವಿಲ್ಲದ ಬಂಡೆಗಳ ಗತಿಯೇನೆಂಬುದನ್ನು ನಾನು ಕಣ್ಣಾರೆ ಕಂಡುದು ಕಳೆದ ಬೇಸಗೆಯಲ್ಲಿ.

ನಮ್ಮ ಕಾಲೇಜಿನ ಭೂವಿಜ್ಞಾನದ ಅಧ್ಯಾಪಕರೊಬ್ಬರಿಗೆ ನಗರದ ದಕ್ಷಿಣಕ್ಕಿರುವ ಒಂದು ಜಲ್ಲಿ ಗಣಿಯ ಪರಿಶೀಲನೆಗೆ ತಜ್ಞರಾಗಿ ಬರುವಂತೆ ಕರೆ ಬಂದಿತ್ತು. ಗುತ್ತಿಗೆಯ ಅವಧಿ ಮುಗಿಯುತ್ತ ಬಂದಿತ್ತು. ಅಗೆದ ನೆಲವನ್ನು ಷರತ್ತಿನಂತೆ ಸರಿಪಡಿಸಿದ್ದಾರೆಯೇ ಎಂದು ನೋಡಬೇಕಾಗಿತ್ತು. “ಕನ್ನಡದ ಮೇಷ್ಟ್ರು ನೀವೂ ಬನ್ನಿ, ಕಲ್ಲಿನ ಕಥೆ ಕೇಳುವಿರಂತೆ” ಎಂದು ಕರೆದರು. ಬನಶಂಕರಿ ದಾಟಿ ಬನ್ನೇರುಘಟ್ಟದ ದಾರಿ ಹಿಡಿದೆವು.

ದಾರಿಯಲ್ಲಿ ಅವರು ಕಾನೂನಿನ ಪಾಠ ಹೇಳಿದರು. 1957ರ ಗಣಿ ಕಾಯಿದೆಯ ಪ್ರಕಾರ ಜಲ್ಲಿಕಲ್ಲು ‘ಉಪಖನಿಜ’. ಅದರ ಆಡಳಿತ ರಾಜ್ಯ ಸರ್ಕಾರದ್ದು. ನಮ್ಮ ರಾಜ್ಯದ ನಿಯಮಾವಳಿ 1994ರದ್ದು. ಚಿಕ್ಕ ಗಣಿಗಳು ಬಹುಕಾಲ ಪರಿಸರದ ಕಟ್ಟಳೆಗಳಿಂದ ನುಣುಚಿಕೊಂಡಿದ್ದವು. 5 ಹೆಕ್ಟೇರಿಗಿಂತ ಕಿರಿದಾದ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2012ರ ಫೆಬ್ರವರಿಯಲ್ಲಿ. ಗಣಿ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವಿಗೂ ಗಿಡಗಂಟಿಗಳಿಗೂ ಪ್ರಾಣಿಗಳಿಗೂ ಅದು ಒದಗುವಂತೆ ಮಾಡಬೇಕೆಂಬ ಷರತ್ತನ್ನು ವಿಧಿಸುವಂತೆ ಅದೇ ನ್ಯಾಯಾಲಯ 2020ರ ಜನವರಿಯಲ್ಲಿ ಕೇಂದ್ರ ಸರ್ಕಾರಕ್ಕೆ ಆದೇಶಿಸಿತು.

ಗಣಿಯ ಬಾಯಿಗೆ ಬಂದು ನಿಂತೆವು. ಗುಡ್ಡವಿರಬೇಕಾದಲ್ಲಿ ಗುಣಿಯಿತ್ತು. ಕಡಿದಾದ ಬೂದುಬಣ್ಣದ ಗೋಡೆಗಳಲ್ಲಿ ಕುಳಿ ಕೊರೆದ ಗೆರೆಗಳು. ತಳದಲ್ಲಿ ಹಸಿರುಗಟ್ಟಿದ ನೀರು. ಪಕ್ಕದ ಕ್ರಷರ್ ಅಂದು ಮೌನವಾಗಿದ್ದರೂ ಸುತ್ತಲಿನ ಹುಣಿಸೆ, ಹೊಂಗೆಗಳ ಎಲೆಗಳ ಮೇಲೆಲ್ಲ ಕಲ್ಲಿನ ಹಿಟ್ಟು ಕುಳಿತಿತ್ತು.

ಪರಿಶೀಲನೆ ಆರಂಭವಾಯಿತು. ಗಡಿಗಲ್ಲುಗಳನ್ನು ನಕ್ಷೆಯೊಡನೆ ಹೋಲಿಸಿದರು. ಗಡಿಯುದ್ದಕ್ಕೂ 7.5 ಮೀಟರು ಅಗಲದ ಪಟ್ಟಿಯನ್ನು ಅಗೆಯದೆ ಬಿಡಬೇಕೆಂದು ಷರತ್ತು. ಟೇಪು ಹಿಡಿದರೆ ಎರಡು ಕಡೆ ಸಾಲದೆ ಬಂತು. ಗೋಡೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕಿತ್ತು. ಒಂದು ಪಕ್ಕ ಮಾತ್ರ ಹಾಗಿತ್ತು. ದನಕರುಗಳೂ ಮಕ್ಕಳೂ ಬೀಳದಂತೆ ಹಾಕಬೇಕಾದ ತಂತಿಬೇಲಿ ರಸ್ತೆಗೆ ಕಾಣುವಷ್ಟು ದೂರ ನಡೆದು, ಅಲ್ಲಿಗೇ ದಣಿದು ನಿಂತಿತ್ತು.

“ಗಿಡಗಳನ್ನು ನೆಟ್ಟಿದ್ದೇವೆ, ಸಾರ್” ಎಂದು ಗಣಿಯ ಮೇಸ್ತ್ರಿ ಉತ್ಸಾಹದಿಂದ ಕರೆದೊಯ್ದ. ಸಾಲಾಗಿ ಹೊಂಗೆಯ ಸಸಿಗಳು, ಬುಡದಲ್ಲಿ ಹಸಿ ನೀರು. ನನ್ನ ಮಿತ್ರರು ಬಾಗಿ ಒಂದನ್ನು ಮೆಲ್ಲಗೆ ಎತ್ತಿದರು. ಸಸಿ ತನ್ನ ಕಪ್ಪು ಪ್ಲಾಸ್ಟಿಕ್ ಚೀಲದ ಸಮೇತ ಕೈಗೆ ಬಂತು. ಮೇಸ್ತ್ರಿ ನೆಲ ನೋಡಿದ. ನಮ್ಮಲ್ಲೊಬ್ಬರು ನಕ್ಕರು, ಮಿತ್ರರು ನಗಲಿಲ್ಲ.

“ಮೇಲ್ಮಣ್ಣು ಎಲ್ಲಿ?” ಎಂದು ಕೇಳಿದರು. ಬಂಡೆ ಒಡೆಯುವ ಮುನ್ನ ಅದರ ಮೇಲಿನ ಮಣ್ಣನ್ನು ಕೆರೆದು ಬೇರೆಯಾಗಿ ಕೂಡಿಡಬೇಕು. ಹುಲ್ಲಿನ ಬೀಜ, ಬೇರು, ಕಣ್ಣಿಗೆ ಕಾಣದ ಜೀವಕೋಟಿ ಎಲ್ಲವೂ ಇರುವುದು ಅದರಲ್ಲೇ. ಒಂದು ಅಂಗುಲ ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಅದನ್ನು ಮರಳಿ ಹರಡದೆ ಕಲ್ಲಿನ ಪುಡಿಯ ಮೇಲೆ ಏನು ನೆಟ್ಟರೂ ವ್ಯರ್ಥ. ಇಲ್ಲಿಯ ಮಣ್ಣು ಲಾರಿಗಳ ದಾರಿ ಎತ್ತರಿಸಲು ಎಂದೋ ಸಂದುಹೋಗಿತ್ತು.

ಬೇಲಿಯಿಲ್ಲದ ಕಡೆಯಲ್ಲಿ ಐದಾರು ಮೇಕೆಗಳೊಡನೆ ಒಬ್ಬ ಅಜ್ಜಿ ನಿಂತಿದ್ದಳು. “ಏನಮ್ಮ, ಇಲ್ಲಿ ಮೊದಲು ಏನಿತ್ತು?” ಎಂದೆ. “ನಮ್ಮ ಗುಡ್ಡ ಇತ್ತು ಸ್ವಾಮಿ. ಒಂದು ಮಳೆ ಬಿದ್ರೆ ಸಾಕು, ಬಂಡೆ ಸಂದಿನಾಗೆಲ್ಲ ಹುಲ್ಲು. ಈಗ ಹುಲ್ಲೂ ಇಲ್ಲ, ಮೇಕೆನ ಬಿಟ್ರೆ ಎಲ್ಲಿ ನೀರಿಗೆ ಬೀಳ್ತದೋ ಅಂತ ಹಗಲೆಲ್ಲ ಕಾಯ್ಬೇಕು.” ಸ್ವಲ್ಪ ತಡೆದು ಕೇಳಿದಳು: “ಈ ಗುಂಡೀಗೆ ನಿಮ್ಮ ಬೆಂಗ್ಳೂರಿನ ಕಸ ಸುರೀತಾರಂತೆ, ನಿಜವಾ ಸ್ವಾಮಿ?”

ಅವಳ ಭಯ ಆಧಾರವಿಲ್ಲದ್ದಲ್ಲ. ನಗರದ ಉತ್ತರದ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಗುಣಿಗಳನ್ನು ನಮ್ಮ ಕಸ ತುಂಬಿದೆ. ಕಲ್ಲನ್ನು ಕೊಂಡು ಕಸವನ್ನು ಕೊಟ್ಟ ವ್ಯಾಪಾರ ಅದು. “ಇಲ್ಲಿಗೆ ಹಾಗೆ ಬರೆದಿಲ್ಲಮ್ಮ, ಹುಲ್ಲು ಬೆಳೆಸಬೇಕೆಂದಿದೆ” ಎಂದರು ಮಿತ್ರರು. ಅವಳು ಆ ಸಸಿಯ ಚೀಲವನ್ನು ನೋಡಿ ಸುಮ್ಮನಾದಳು.

ಆಗ ನನಗೆ ನೆನಪಾಯಿತು. ಹಿಂದಿನ ವರ್ಷ ನಮ್ಮ ಮನೆಗೆ ಮಹಡಿ ಕಟ್ಟಿಸಿದಾಗ ತಾರಸಿಗೆ 20 ಎಂ.ಎಂ. ಜಲ್ಲಿ, ಗಾರೆಗೆ ಎಂ-ಸ್ಯಾಂಡ್ ಲಾರಿಗಟ್ಟಲೆ ಬಂದು ಬಿದ್ದಿತ್ತು. ನಾನು ಧಾರಣೆ ಚೌಕಾಸಿ ಮಾಡಿದೆನೇ ಹೊರತು ಅದು ಯಾವ ಗುಡ್ಡದ್ದೆಂದು ಕೇಳಿರಲಿಲ್ಲ. ಕಲ್ಲು ಬೇಡವೆನ್ನಲು ನನಗೆ ಬಾಯಿಲ್ಲ. 1956ರಲ್ಲಿ ಮುಗಿದ ವಿಧಾನಸೌಧಕ್ಕೂ ಹೆಸರಘಟ್ಟ, ಮಲ್ಲಸಂದ್ರಗಳ ಕಲ್ಲೇ ಬೇಕಾಯಿತು. ಆದರೆ ಗಣಿಯಲ್ಲಿ ಆಗಬೇಕಾದ ಬೇಲಿ, ಮಣ್ಣು, ಹುಲ್ಲುಗಳ ಖರ್ಚೂ ಜಲ್ಲಿಯ ಬೆಲೆಯ ಒಂದು ಭಾಗವೇ. ಅದನ್ನು ತೆರದೆ ಉಳಿಸಿದ ಹಣದಲ್ಲಿ ನನ್ನ ಚೌಕಾಸಿಯ ಪಾಲೂ ಇತ್ತು.

ಸಂಜೆ ಮರಳಿ ಬಂದಾಗ ಬಸವನಗುಡಿಯಲ್ಲಿ ಮಂಗಳಾರತಿಯ ಗಂಟೆ ಬಾರಿಸುತ್ತಿತ್ತು. ಏಕಶಿಲೆಯ ಈ ಬಸವ ಹಿಂದೆ ಬೆಳೆಯುತ್ತಲೇ ಇದ್ದನಂತೆ. ತಲೆಯ ಮೇಲೆ ತ್ರಿಶೂಲವಿರಿಸಿದ ಮೇಲೆ ನಿಂತನಂತೆ. ಚಿಕ್ಕಂದಿನಿಂದ ಕೇಳಿದ ಕಥೆ. ಕಲ್ಲು ಬೆಳೆಯುವುದು ಕಥೆಯಲ್ಲಿ ಮಾತ್ರ. ಹುಲ್ಲಾದರೋ, ಮಣ್ಣು ಕೊಟ್ಟರೆ ನಿಜವಾಗಿಯೂ ಬೆಳೆಯುತ್ತದೆ.

ಮಿತ್ರರು ವರದಿಯಲ್ಲಿ “ಷರತ್ತು ಪೂರೈಸಿಲ್ಲ” ಎಂದು ಬರೆದು, ಹೊರಗಿನಿಂದಾದರೂ ಮಣ್ಣು ತಂದು ಹರಡಬೇಕು, ಬೇಲಿ ಮುಗಿಸಬೇಕು ಎಂದು ಸೂಚಿಸಿದ್ದಾರೆ. ಮಳೆಗಾಲ ಕಳೆದ ಮೇಲೆ ಮತ್ತೊಂದು ಪರಿಶೀಲನೆ. ನಾನೂ ಹೋಗಬೇಕೆಂದಿದ್ದೇನೆ. ಅಜ್ಜಿಯ ಮೇಕೆಗಳಿಗೆ ಮೇವು ಬಂದಿದೆಯೇ ನೋಡಬೇಕು.