ಒಂದು ಮನೆ, ಮೂರು ಯಂತ್ರ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಸಂಸಾರವೆಲ್ಲಿ ಮುಗಿಯಿತು, ಉದ್ಯೋಗವೆಲ್ಲಿ ಆರಂಭವಾಯಿತು ಎಂಬದನ್ನು ಹೊರಗಿನವರು ಹೇಳಲಾರರು. ಪಡಸಾಲೆಯಲ್ಲಿ ಕುಣಿಮಗ್ಗ, ಅದರ ಮಗ್ಗುಲಲ್ಲಿ ಕೂಸಿನ ತೊಟ್ಟಿಲು, ಗೋಡೆಯ ಗೂಡಿನಲ್ಲಿ ದೇವರ ದೀಪ ಮತ್ತು ಲೆಕ್ಕದ ವಹಿ. ಇಂಥ ಒಂದು ಮನೆಗೆ 2011ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ 'ಆಫೀಸ್ ಹೋಮ್ ಅಂಡ್ ಸ್ಟೂಡೆಂಟ್ 2010' ಎಂಬ ತಂತ್ರಾಂಶದ ಪೆಟ್ಟಿಗೆಯು ಬಂದಿತು. ಹಣ ಕೊಟ್ಟವನು ಮನೆಯ ಯಜಮಾನನಾದ ಅಜ್ಜ. ಉದ್ದೇಶ ಮೊಮ್ಮಗಳ ವಿದ್ಯಾಭ್ಯಾಸ. ಮೊದಲು ಅವಳ ಯಂತ್ರಕ್ಕೆ, ಬಳಿಕ ಕಿರಿಯ ಮಗನ ಮಕ್ಕಳ ಯಂತ್ರಕ್ಕೆ, ಕಡೆಗೆ ಸೀರೆಯ ಬಿಲ್ಲು ಬರೆಯುವ ಪಡಸಾಲೆಯ ಯಂತ್ರಕ್ಕೆ ಅದನ್ನು ಹಾಕಿದರು. ಒಂದೇ ತಟ್ಟೆ, ಇಪ್ಪತ್ತೈದು ಅಕ್ಷರಗಳ ಒಂದೇ ಕೀಲಿ, ಮೂರು ಯಂತ್ರ.

ಮರುವರ್ಷ ಅಣ್ಣತಮ್ಮಂದಿರು ಬೇರೆಯಾದರು. ಅಂಗಳದ ನಡುವೆ ಗೋಡೆ ಎದ್ದಿತು. ಬಾವಿಯೊಂದು ಉಭಯರಿಗೂ ಉಳಿಯಿತು.

ಕರಾರುಪತ್ರವನ್ನು ಯಾರೂ ಓದುವದಿಲ್ಲವೆಂಬದು ಲೋಕಪ್ರಸಿದ್ಧ. ಆದರೆ ಮೊಮ್ಮಗಳು ಓದಿದಳು. "ಅಜ್ಜಾ, ಮೂರು ಯಂತ್ರಕ್ಕ ಹಾಕಬಹುದು ಅಂತ ಬರದೈತಿ. ಆದ್ರ ಒಂದs ಮನ್ಯಾಗ ಇರೋರು ಆಗಿರಬೇಕಂತ, ವ್ಯಾಪಾರಕ್ಕ ಬಳಸಬಾರದಂತ" ಎಂದಳು. ಹಿರಿಯ ಮಗನು ನಕ್ಕನು. "ಯಾರು ನೋಡಾಕ ಬರ್ತಾರ್ರಿ, ಅಪ್ಪಾ? ಊರಾಗ ಎಲ್ಲಾರೂ ಹಿಂಗs ಮಾಡ್ತಾರ."

ಅಜ್ಜನು ನಗಲಿಲ್ಲ. ಅದಕ್ಕೆ ಕಾರಣವುಂಟು. ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುವರು. ಪ್ರತಿಯೊಂದು ಸೀರೆಗೂ ಈ ಶ್ರಮ ಹೊಸದು. ವಿದ್ಯುನ್ಮಗ್ಗಗಳು ಈ ಕಷ್ಟವನ್ನು ಬಿಟ್ಟು, ಚಿಕ್ಕಿಪರಾಸದ ದಡಿಯನ್ನೂ ತೋಪತೆನಿಯ ಸೆರಗನ್ನೂ ಹೋಲುವಂತೆ ನೆಯ್ದು ಅದೇ ಹೆಸರಿನಿಂದ ಅಗ್ಗವಾಗಿ ಮಾರುವವು. ಕೈಮಗ್ಗಕ್ಕೆಂದು ಕೆಲವು ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾಯಿದೆಯಾಗಲಿ, ಊರಿನ ಹೆಸರನ್ನು ಕಾಯಲು ಹುಟ್ಟಿದ 1999ರ ಭೌಗೋಳಿಕ ಸೂಚಕಗಳ ಕಾಯಿದೆಯಾಗಲಿ ಸಂತೆಯವರೆಗೆ ಬಂದು ತಡೆದದ್ದು ಸ್ವಲ್ಪ. ಪರರು ತನ್ನ ಕಸುಬನ್ನು ನಕಲು ಮಾಡುವರೆಂದು ಇಪ್ಪತ್ತು ವರ್ಷ ನೇಕಾರರ ಸಭೆಗಳಲ್ಲಿ ಕೂಗಿದ ಮನುಷ್ಯ ಆತ. "ಯಾರು ನೋಡುತ್ತಾರೆ" ಎಂಬ ಮಾತು ಅವನಿಗೆ ಪರಿಚಿತವಾಗಿದ್ದಿತು. ಆದರೆ ಅದು ಎದುರುಪಕ್ಷದ ಮಾತಾಗಿದ್ದಿತು.

ಇಲ್ಲಿ ಶಾಸನದ ವಿಚಾರ ಸ್ವಲ್ಪ ಅವಶ್ಯ. ತಂತ್ರಾಂಶವನ್ನು ಕೊಂಡವನು ಕೊಳ್ಳುವದು ತಟ್ಟೆಯನ್ನು, ಬಳಸುವ ಅಪ್ಪಣೆಯನ್ನು, ಕೃತಿಯನ್ನಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ನ್ಯಾಯವಾಗಿ ಕೊಂಡವನಿಗೆ ಕೆಟ್ಟುಹೋದೀತೆಂಬ ಭಯಕ್ಕಾಗಿ ಕಾಪುಪ್ರತಿ ಮಾಡಿಕೊಳ್ಳಲು ಒಪ್ಪುತ್ತದೆ. ಎರಡನೆಯ ಯಂತ್ರದಲ್ಲಿ ನಡೆಯಿಸಲು ಒಪ್ಪಿತೆಂದು ಅದರಿಂದ ತೆಗೆಯಲಾಗದು. 63 ಬಿ ಕಲಮಿನಂತೆ ನಕಲನ್ನು ತಿಳಿದುತಿಳಿದು ಬಳಸಿದವನಿಗೆ 7 ದಿನಗಳಿಂದ 3 ವರ್ಷದವರೆಗೆ ಸೆರೆ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಬಳಸದಿದ್ದಲ್ಲಿ ನ್ಯಾಯಾಲಯವು ಸೆರೆಯನ್ನು ಬಿಡಬಹುದು. ಎಷ್ಟು ಯಂತ್ರಗಳೆಂಬದನ್ನು ಮಾತ್ರ ಕರಾರುಪತ್ರವೇ ಹೇಳಬೇಕು. ಯಂತ್ರದೊಡನೆಯೇ ಬಂದ ತಂತ್ರಾಂಶವು ಸಾಮಾನ್ಯವಾಗಿ ಆ ಯಂತ್ರದೊಡನೆಯೇ ಸಾಯುವದು. 1980ರ ದಶಕದಲ್ಲಿ ಅಮೇರಿಕೆಯ ಬೋರ್ಲಂಡ್ ಕಂಪನಿಯು ತನ್ನ ತಂತ್ರಾಂಶವನ್ನು ಪುಸ್ತಕದಂತೆ ಬಳಸಿರೆಂದಿತು: ಎಷ್ಟು ಜನರಾದರೂ ಓದಲಿ, ಯಾವ ಯಂತ್ರದಲ್ಲಾದರೂ ಇರಲಿ, ಏಕಕಾಲಕ್ಕೆ ಎರಡು ಕಡೆ ಮಾತ್ರ ನಡೆಯಬಾರದು. ಇಷ್ಟು ಸರಳವಾದ ಮಾತನ್ನು ಆಮೇಲಿನವರು ಏಕೆ ಕೈಬಿಟ್ಟರೋ! 2013ರ 'ಹೋಮ್ ಅಂಡ್ ಸ್ಟೂಡೆಂಟ್' ಮೂರರಿಂದ ಒಂದಕ್ಕಿಳಿಯಿತು. ಈಗ ಆರು ಜನರ ಕುಟುಂಬಕ್ಕೆಂದು ವರ್ಷವರ್ಷವೂ ಬಾಡಿಗೆ ತೆರುವ ಪದ್ಧತಿ ಬಂದಿದೆ.

ಆದರೆ 'ಒಂದು ಮನೆ' ಎಂದರೇನು? ಇಬ್ಬರು ಬೇರೆಯಾದರೋ ಇಲ್ಲವೋ ಎಂಬದಕ್ಕೆ ನಾರದಸ್ಮೃತಿಯು ಪ್ರತ್ಯೇಕವಾದ ಪಾಕ, ಆಯ, ವ್ಯಯ, ದಾನ, ಗ್ರಹಣಗಳನ್ನು ಲಕ್ಷಣವಾಗಿ ಹೇಳಿತು. ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರೆಯು ವಿಭಾಗಕ್ಕೆ ಬಾರದ ವಸ್ತುಗಳನ್ನೂ ವಿಚಾರಿಸಿತು: ಉಟ್ಟ ವಸ್ತ್ರ, ಬೇಯಿಸಿದ ಅನ್ನ, ಬಾವಿಯ ನೀರು. ನೀರನ್ನು ಪಾಲು ಮಾಡುವದು ಸಲ್ಲ, ಸರದಿಯಿಂದ ಸೇದಬೇಕು. ಕಂಪನಿಯ ಕರಾರಿಗೆ ಸರದಿ ಗೊತ್ತಿಲ್ಲ. ಅದು ಕೇಳುವದು ಒಂದೇ ವಾಸಸ್ಥಾನವನ್ನು. ಸ್ಮೃತಿಯಂತೆಯೂ ಕರಾರಿನಂತೆಯೂ ಗೋಡೆಯ ಆಚೆಯದು ಬೇರೆ ಮನೆ.

ಈ ಮಾತು ಗೋಡೆಯ ಆಚೆಗೆ ತಲುಪಿದ ಬಗೆ ಕೆಟ್ಟದ್ದಾಯಿತು. ಕಿರಿಯವನು ಅದನ್ನು ಅಣ್ಣನ ಹೊಸ ತಕರಾರೆಂದು ತಿಳಿದನು. "ಅಂಗಳ ಪಾಲಾತು, ಮಗ್ಗ ಪಾಲಾತು, ಇನ್ನ ಹುಡುಗೂರು ಬರಿಯೂದೂ ಪಾಲಾಗ್ಲಿ" ಎಂದು ಅಂದನಂತೆ. ಅವನ ಮಗನಿಗೆ ಪರೀಕ್ಷೆ ಎರಡು ತಿಂಗಳಿದ್ದಿತು. ಒಂದು ವಾರ ಬಾವಿಯ ಕಟ್ಟೆಯ ಮೇಲೆ ಹೆಂಗಸರೂ ಮಾತಾಡಲಿಲ್ಲ.

ಅಜ್ಜನು ಯಾರನ್ನೂ ಕೇಳಲಿಲ್ಲ. ಮೊದಲು ಪಡಸಾಲೆಯ ಯಂತ್ರದಿಂದ ತಂತ್ರಾಂಶವನ್ನು ತೆಗೆಯಿಸಿದನು. ವ್ಯಾಪಾರದ ನಿಷೇಧವು ಗೋಡೆ ಏಳುವ ಮೊದಲೇ ಮುರಿದಿದ್ದಿತು. ಅನಂತರ ಮೊಮ್ಮಗಳ ಯಂತ್ರದಿಂದಲೂ ತೆಗೆಯಿಸಿದನು. ಅವಳು ಅತ್ತಳು, ಓದಿದ್ದು ತಾನು, ಕಳೆದುಕೊಂಡದ್ದೂ ತಾನು! ಎರಡಕ್ಕೂ 2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದ ಲಿಬ್ರೆ ಆಫೀಸನ್ನು ಹಾಕಿದರು. ಅದಕ್ಕೆ ಬೆಲೆಯೂ ಇಲ್ಲ, ಯಂತ್ರಗಳ ಎಣಿಕೆಯೂ ಇಲ್ಲ, ವ್ಯಾಪಾರಕ್ಕೆ ಅಡ್ಡಿಯೂ ಇಲ್ಲ. ಕನ್ನಡ ಅಕ್ಷರಕ್ಕೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಉಚಿತವಾಗಿಯೇ ದೊರೆಯುತ್ತಿದ್ದಿತು. ಹಿರಿಯ ಮಗನು ಬಿಲ್ಲಿನ ಸಾಲುಗಳು ಸೊಟ್ಟಾದವೆಂದು ಒಂದು ತಿಂಗಳು ಗೊಣಗಿದನು.

ಉಳಿದದ್ದು ಪೆಟ್ಟಿಗೆ. ಮೊದಲು ಕೊಂಡವನು ತನ್ನ ಯಂತ್ರಗಳಿಂದ ತೆಗೆದು, ತಟ್ಟೆ, ಕೀಲಿ, ರಸೀತಿಗಳ ಸಹಿತ ಒಮ್ಮೆ ಮಾತ್ರ ಇನ್ನೊಬ್ಬರಿಗೆ ಕೊಡಬಹುದೆಂದು ಅದೇ ಪತ್ರದಲ್ಲಿ ಮೊಮ್ಮಗಳೇ ತೋರಿಸಿದಳು. ಸಂಜೆ ಅಜ್ಜನು ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬೀದಿಯ ಮೇಲಿಂದ ಕಿರಿಯ ಮಗನ ಬಾಗಿಲಿಗೆ ಹೋದನು. ಸೊಸೆಯು ಚಾಪೆ ಹಾಸಿ ಚಹಾ ತಂದಳು. ಮಗನು ಹೊರಗೆ ಬರಲು ಸ್ವಲ್ಪ ಹೊತ್ತಾಯಿತು. ಬಂದವನು ಪೆಟ್ಟಿಗೆಯನ್ನು ನೋಡಿ, "ಅಕಿ ಏನ್ ಮಾಡ್ತಾಳ್ರಿ ಮತ್ತ?" ಎಂದು ಅಣ್ಣನ ಮಗಳನ್ನು ಕುರಿತು ಕೇಳಿದನು.